ಪಾಠದ ತೂಕ ಎಷ್ಟು ಎಂಬಿ?

ಸೆಮಿಸ್ಟರ್ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಜಗಳೂರು ಬಸ್ ನಿಲ್ದಾಣದಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳು ಓಡಿಬಂದು ಫೋನ್ ಮುಂದೆ ಹಿಡಿದಳು. ‘ಸಾರ್, ಇದು ಕನ್ನಡನಾ?’ ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೆರೆ, ಚುಕ್ಕೆ, ನಡುನಡುವೆ ಪೌಂಡಿನ ಚಿಹ್ನೆ. ಅದು ಕನ್ನಡವೇ. ಎರಡು ರಾತ್ರಿ ಕೂತು ನಾನೇ ಟೈಪ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದ್ದ ಅರ್ಥಶಾಸ್ತ್ರದ ನೋಟ್ಸ್. ಸೊಕ್ಕೆ ಕಡೆಯ ಬಸ್ಸು ಹೊರಡುವುದರಲ್ಲಿತ್ತು. ಅವಳು ಹತ್ತಿ ಹೋದಳು, ನೋಟ್ಸ್ ಇಲ್ಲದೆ.

ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ, ಉಳಿದೆಡೆ ಚಿತ್ತುಕಾಟು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಆದ್ದರಿಂದ ಈಗಿನ ಬಹುತೇಕ ಎಲ್ಲ ಫೋನುಗಳಲ್ಲೂ ತೆರೆಯುತ್ತದೆ, ಬೇಕಾದ ಪದ ಹುಡುಕಬಹುದು, ಕಣ್ಣು ಕಾಣದ ವಿದ್ಯಾರ್ಥಿಗೆ ಫೋನೇ ಓದಿ ಹೇಳಬಹುದು. ಹಳೆಯದನ್ನು ಯೂನಿಕೋಡಿಗೆ ಬದಲಿಸಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷ ನಾನು ಕೊಟ್ಟಿರಲಿಲ್ಲ. ಡಿಜಿಟಲ್ ಬೋಧನೆಗೆ ಯಾವ ಆ್ಯಪ್ ಒಳ್ಳೆಯದು ಎಂಬ ಚರ್ಚೆಗೆ ಕೂತಾಗಲೆಲ್ಲ ಆ ಬಸ್ಸು ನೆನಪಾಗುತ್ತದೆ.

ಇಂಥ ಚರ್ಚೆಗಳಲ್ಲಿ ಆ್ಯಪಿನ ಗುಣಗಾನ ಬಹಳ ನಡೆಯುತ್ತದೆ. ಅದು ಎಷ್ಟು ಡೇಟಾ ತಿನ್ನುತ್ತದೆ ಎಂದು ಯಾರೂ ಕೇಳುವುದಿಲ್ಲ. ಲೆಕ್ಕ ಸರಳ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದ ಸಾಧಾರಣ ವಿಡಿಯೊ ಪಾಠ ಒಂದು ಗಂಟೆಗೆ 450 ಎಂಬಿ. ದಿನಕ್ಕೆ ಮೂರು ತರಗತಿ ಎಂದರೆ 1350. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕು ಅಲ್ಲಿಗೆ ಮುಗಿಯಿತು. ಅದೂ ಅಪ್ಪ, ಅಣ್ಣ, ತಂಗಿ ಎಲ್ಲರಿಗೂ ಸೇರಿ ಒಂದೇ ಫೋನ್ ಇರುವ ಮನೆಯಲ್ಲಿ. ಅದೇ ಪಾಠವನ್ನು ಬರೀ ಧ್ವನಿಯಾಗಿ, 32 ಕಿಲೋಬಿಟ್‌ನಲ್ಲಿ ಮುದ್ರಿಸಿದರೆ ಗಂಟೆಗೆ 15 ಎಂಬಿಯೂ ಆಗದು. ಜೊತೆಗೆ ಎರಡು ಪುಟದ ಯೂನಿಕೋಡ್ ಟಿಪ್ಪಣಿ ಇಟ್ಟರೆ ಅರ್ಥಶಾಸ್ತ್ರಕ್ಕಾಗಲಿ ಇತಿಹಾಸಕ್ಕಾಗಲಿ ಕೊರತೆಯಾಗದು. ರಸಾಯನಶಾಸ್ತ್ರದ ಪ್ರಯೋಗಕ್ಕೆ ವಿಡಿಯೊ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಮೇಷ್ಟ್ರ ಮುಖ ತೋರಿಸಲು 450 ಎಂಬಿ ಯಾಕೆ?

ಧ್ವನಿಯಲ್ಲಿ ಪಾಠ ತಲುಪಿಸುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಪುಟ್ಟ ಪ್ರಸಾರಯಂತ್ರದಲ್ಲಿ ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬೆಳೆದು ದೇಶದ ಬಾನುಲಿಯ ಹೆಸರಾಯಿತು. ಒಬ್ಬ ಅಧ್ಯಾಪಕ ತಾನೇ ಸಾಧನವನ್ನು ಹುಡುಕಿ, ತಾನೇ ಅದರ ಒಳಹೊರಗು ಕಲಿತು, ತನ್ನ ಜನಕ್ಕೆ ಹೊಂದಿಸಿಕೊಂಡ ಕಥೆ ಇದು. ಈಗ ಸಾಧನಗಳು ಮೇಲಿನಿಂದ ಇಳಿದು ಬರುತ್ತವೆ. ಅಧ್ಯಾಪಕರಿಗೆ ಸಿಗುವುದು ಲಾಗಿನ್ ಮತ್ತು ಪಾಸ್‌ವರ್ಡ್ ಮಾತ್ರ.

ಮೇಲಿನಿಂದ ಬಂದದ್ದೆಲ್ಲ ವ್ಯರ್ಥ ಎನ್ನುತ್ತಿಲ್ಲ. 2021ರಲ್ಲಿ ರಾಜ್ಯ ಸರ್ಕಾರ ತನ್ನ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ (ಎಲ್‌ಎಂಎಸ್) ತಂದಿತು, ಅದೇ ವರ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಸ್ವಂತ ಸಾಧನವೇ ಇಲ್ಲದ ಮಕ್ಕಳಿಗೆ ಅದು ದೊಡ್ಡ ಆಸರೆ. 2017ರಿಂದ ಇರುವ, ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯ ಮೂಲಕ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳವರೆಗೆ ಕಲಿಯಲು ಯುಜಿಸಿ 2021ರಲ್ಲಿ ದಾರಿ ಬಿಟ್ಟಿತು. ದಾರಿ ಇದೆ, ಆದರೆ ಕನ್ನಡ ಮಾಧ್ಯಮದ ಹುಡುಗನಿಗೆ ಆ ದಾರಿಯ ಬಹುಪಾಲು ಇಂಗ್ಲಿಷಿನದು.

ಸಾಧನ ಸತ್ತ ಮೇಲೆ ಪಾಠ ಎಲ್ಲಿರುತ್ತದೆ ಎಂಬ ಪ್ರಶ್ನೆಯೂ ಇದೆ. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ಮೊದಲಿಗೆ ಬಳಸಿದವರಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. 2010ಕ್ಕೆ ಆ ಉಪಗ್ರಹದ ಸೇವೆ ಮುಗಿಯಿತು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹ ಜಾಗ ಉಚಿತವೆಂದಿದ್ದ ಗೂಗಲ್, 2021ರಲ್ಲಿ ಅದಕ್ಕೆ ಮಿತಿ ಘೋಷಿಸಿತು. ಬೇರೆಯವರ ಜಗಲಿಯಲ್ಲಿ ಇಟ್ಟ ಕಾಳಿನ ಚೀಲ ಎಂದಾದರೂ ತೆಗೆಯಲೇಬೇಕು.

ಅದಕ್ಕೇ ನನ್ನ ಒಲವು ಮೂಡಲ್‌ನಂಥ ಮುಕ್ತ ಎಲ್‌ಎಂಎಸ್ ತಂತ್ರಾಂಶದ ಕಡೆಗೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ 2002ರಿಂದ ಜಗತ್ತಿನ ಕೈಗೆ ಬಂದ ಇದಕ್ಕೆ ಪರವಾನಗಿ ಶುಲ್ಕವಿಲ್ಲ. ವಿಶ್ವವಿದ್ಯಾಲಯ ತನ್ನದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು. ವಿದ್ಯಾರ್ಥಿ ಸಿಗ್ನಲ್ ಇರುವಲ್ಲಿ ಪಾಠ ಇಳಿಸಿಕೊಂಡು, ಇಲ್ಲದಲ್ಲಿ ಓದಬಹುದು. ನೋಡಿಕೊಳ್ಳಲು ಸಂಬಳದ ಜನ ಬೇಕು, ಅದು ಪುಕ್ಕಟೆಯಲ್ಲ. ಒಂದೊಂದು ಕಾಲೇಜಿಗೆ ಅದು ಭಾರ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳನ್ನು ನೋಡಿಕೊಳ್ಳುವ ದಾವಣಗೆರೆ ವಿಶ್ವವಿದ್ಯಾಲಯ ಎಲ್ಲರಿಗೂ ಸೇರಿ ಒಂದನ್ನು ನಡೆಸಿದರೆ ಭಾರವಲ್ಲ.

ಆ್ಯಪ್ ಆಯ್ಕೆಯ ಸಮಿತಿ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲೇ ಕೂರಲಿ. ಅಲ್ಲಿನ ವೈಫೈನಲ್ಲಿ ಎಲ್ಲ ಆ್ಯಪೂ ಚೆನ್ನಾಗಿಯೇ ಓಡುತ್ತದೆ. ಸಹಿ ಹಾಕುವ ಮುನ್ನ ಆರಿಸಿದ ಆ್ಯಪನ್ನು ಜಗಳೂರಿಗೆ ಕಳಿಸಿ, ಸೊಕ್ಕೆ, ಬಿಳಿಚೋಡು ಹೋಬಳಿಗಳಿಂದ ಬರುವ ಹತ್ತು ಮಕ್ಕಳ ಹಳೆಯ ಫೋನುಗಳಿಗೆ ಹಾಕಿ, ಒಂದು ವಾರ ಬಿಡಲಿ. ಎಷ್ಟು ಡೇಟಾ ತಿಂದಿತು, ಕನ್ನಡ ಸರಿಯಾಗಿ ಕಂಡಿತೇ, ಸಿಗ್ನಲ್ ಹೋದಾಗ ಬರೆಯುತ್ತಿದ್ದ ಉತ್ತರ ಉಳಿಯಿತೇ ಎಂದು ಆ ಮಕ್ಕಳೇ ಬರೆದು ಕೊಡಲಿ. ಮತ್ತೆ, ಆ ವಾರ ಮೆಕ್ಕೆಜೋಳ ಮುರಿಯುವ ವಾರವೇ ಆಗಿರಲಿ.