ಹೂಳು ಅಂದ್ರೆ ಕಸ ಅಲ್ಲ ಸ್ವಾಮೀ!

ಮೊನ್ನೆ ಮಲೆನಾಡಿನ ನಮ್ಮೂರಿಗೆ ಹೋಗಿದ್ದೆ. ತೋಟದ ಕೆಳಗಿನ ಹೊಳೆಯ ಗುರುತೇ ಸಿಗಲಿಲ್ಲ. "ಹೂಳು ತೆಗೆಸಿದ್ರು ಮಾರಾಯ, ಎಷ್ಟು ಕ್ಲೀನ್ ಆಗಿದೆ ನೋಡು" ಅಂದರು ಚಿಕ್ಕಪ್ಪ. ದಡದುದ್ದಕ್ಕೂ ಜೆಸಿಬಿ ಹಲ್ಲಿನ ಗೀರು. ಮೀನುಮರಿಗಳು ಅಡಗುತ್ತಿದ್ದ ಮಡುವಿನ ಹೈಡ್ರಿಲ್ಲಾ ಪೂರ್ತಿ ದಡದ ಮೇಲೆ ಒಣಗಿ ರಾಶಿಯಾಗಿತ್ತು...

ನನಗೆ ಸಿಟ್ಟು ಬಂದದ್ದು ಜೆಸಿಬಿ ಮೇಲಲ್ಲ, ಆ 'ಕ್ಲೀನ್' ಅನ್ನೋ ಪದದ ಮೇಲೆ.

ನೀರು ಚೆನ್ನಾಗಿದ್ದರೆ ಗಿಡ ತಾನಾಗೇ ಬರುತ್ತೆ ಅಂದ್ಕೊಂಡಿದ್ದೇವೆ. ತಪ್ಪು. ಹರಿಯೋ ನೀರಲ್ಲೂ ಬೇರುಬಿಡೋ ಗಿಡಗಳಿಗೆ ತಳದ ಮಣ್ಣಿನ ಸಾರ ಬೇಕು ಅಂತ ಕೆನಡಾದ ಚೇಂಬರ್ಸ್ ಮತ್ತು ಸಂಗಡಿಗರು 1989ರಲ್ಲೇ ತೋರಿಸಿದ್ದಾರೆ. ಹಾಗಂತ ಯಾವ ಮಣ್ಣಾದರೂ ಆಗಲ್ಲ. ಬರೀ ಮರಳಲ್ಲೂ ಗಿಡ ಸೊರಗುತ್ತೆ, ಕೊಳೆತ ಎಲೆಕಸ ತುಂಬಿದ ಸಡಿಲ ಕೆಸರಲ್ಲೂ ಸೊರಗುತ್ತೆ ಅಂದದ್ದು 1986ರಲ್ಲಿ ಬಾರ್ಕೊ ಮತ್ತು ಸ್ಮಾರ್ಟ್. ಇವೆರಡರ ನಡುವಿನ ನುಣುಪು ಮಣ್ಣು ನಮ್ಮ ಮಡುವಿನಲ್ಲಿತ್ತು. ಅದನ್ನೇ ಬಾಚಿದ್ದು.

"ಹಾಗಾದ್ರೆ ಹೂಳು ಒಳ್ಳೇದಾ?" ಅಂತೀರಾ? ನೂರು ಹೆಜ್ಜೆ ಮೇಲಕ್ಕೆ ಬನ್ನಿ. ಅಲ್ಲಿ ಹಾಸುಬಂಡೆ, ನೀರಿನ ಸೆಳೆತ. ಬಂಡೆಗೆ ಅಂಟಿದ್ದು ಪೊಡೊಸ್ಟೆಮೇಸಿ ಕುಟುಂಬದ ಗಿಡ. ನೋಡೋಕೆ ಪಾಚಿ, ಆದರೆ ಹೂಬಿಡೋ ಸಸ್ಯ! ಮಳೆಗಾಲವಿಡೀ ನೀರೊಳಗೆ, ನೀರಿಳಿದಾಗ ಹೂವು. ಅದರ ಧೂಳಿನಂಥ ಬೀಜ ಒದ್ದೆಯಾಗಿ, ಲೋಳೆ ಬಿಟ್ಟು, ಬರಿಬಂಡೆಗೆ ಅಂಟಿಕೊಳ್ಳಬೇಕು. ಈಗ ಗುಡ್ಡ ಕಡಿದು ರಸ್ತೆ ಮಾಡಿದ ಕೆಮ್ಮಣ್ಣು ಬಂಡೆ ಮೇಲೆ ಕೂತಿದೆ. ಬೀಜ ಎಲ್ಲಿ ಅಂಟಬೇಕು ಹೇಳಿ?

ಅಲ್ಲಿ ಬೇಡದ ಮಣ್ಣು ಸುರಿದೆವು, ಇಲ್ಲಿ ಬೇಕಾದ ಮಣ್ಣು ತೆಗೆದೆವು. ಎರಡಕ್ಕೂ ಹೆಸರು ಅಭಿವೃದ್ಧಿ.

ಹೊಳೆ ತುಂಬಿದರೆ ತೋಟಕ್ಕೆ ನೀರು ನುಗ್ಗುತ್ತೆ ಅನ್ನೋ ಚಿಕ್ಕಪ್ಪನ ಮಾತು ಸುಳ್ಳಲ್ಲ. ಅಡಿಕೆ ಅವರ ಅನ್ನ. ಆದರೆ ಮಣ್ಣು ಜಾರೋ ಗುಡ್ಡವನ್ನು ಹಾಗೇ ಬಿಟ್ಟು ಹೊಳೆಯ ತಳ ಕೆರೆದರೆ ಮುಂದಿನ ಮಳೆಗೆ ಮತ್ತದೇ ಕತೆ. ಮೊದಲು ಗುಡ್ಡ ನೋಡಿ. ಹೂಳು ತೆಗೆಯಲೇಬೇಕು ಅಂದ್ರೆ ಒಂದು ಬದಿಯನ್ನಾದರೂ ಮುಟ್ಟದೆ ಬಿಡಿ, ಉಳಿದ ಗಿಡ ಮತ್ತೆ ಹಬ್ಬೀತು.

ಬ್ಲಾಗಲ್ಲಿ ಹೊಳೆಯ ಫೋಟೋ ಹಾಕೋ ಗೆಳೆಯರೇ, ಮುಂದಿನ ಸಲ ತಳವನ್ನೂ ಒಮ್ಮೆ ನೋಡಿ. ಮರಳಾ, ಜಲ್ಲಿಯಾ, ಕೆಸರಾ, ಎಲ್ಲಿ ಯಾವ ಗಿಡ ಅಂತ ಬರೆದಿಡಿ. ನಮ್ಮ ಹೊಳೆಯದ್ದು ನಾನು ಬರೆದಿಡಲಿಲ್ಲ. ಈಗ ಅಲ್ಲಿ ಏನೇನಿತ್ತು ಅಂತ ಹೇಳಿದರೆ ಚಿಕ್ಕಪ್ಪನೇ ನಂಬುತ್ತಿಲ್ಲ.