ಬೊಡ್ಡೆ ಕೀಳುವವರು ಏನು ಹಚ್ಚುವರು?

ನೀಲಗಿರಿ ಕಡಿದ ಮೇಲೆ ಉಳಿಯುವ ಬೊಡ್ಡೆಗಳು ‘ತ್ಯಾಜ್ಯ’ವಂತೆ, ಅವನ್ನು ಜೆಸಿಬಿಯಿಂದ ಕಿತ್ತು, ಚೂರು ಮಾಡಿ ಬಾಯ್ಲರಿಗೆ ಹಾಕಿದರೆ ‘ಹಸಿರು ಇಂಧನ’ವಂತೆ. ಈ ವಾದವನ್ನು ಒಪ್ಪುವ ಮುನ್ನ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಜನ ತಮ್ಮದೇ ಚರಿತ್ರೆಯನ್ನು ನೆನೆಯಬೇಕು.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಸುಮಾರು 75,000 ಎಕರೆ ಸಾರ್ವಜನಿಕ ಭೂಮಿ ಅದರ ನೆಡುತೋಪಿಗೆ ಮೀಸಲಾಯಿತು. ದನ ಮೇಯುತ್ತಿದ್ದ, ಹೆಂಗಸರು ಕಟ್ಟಿಗೆ ಆಯುತ್ತಿದ್ದ ಆ ನೆಲಕ್ಕೆ ಆಗ ಇಟ್ಟ ಹೆಸರು ‘ಪಾಳು’. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ, ಜನ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತಲ್ಲಿಯೇ ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಆ ಸತ್ಯಾಗ್ರಹದ ಹೆಸರೇ ‘ಕಿತ್ತಿಕೊ-ಹಚ್ಚಿಕೊ’. 1991ರಲ್ಲಿ ಸಂಸ್ಥೆ ಮುಚ್ಚಿತು.

ಬೊಡ್ಡೆ ಇಂಧನದ ವಾದದಲ್ಲಿ ‘ಕಿತ್ತಿಕೊ’ ಇದೆ, ‘ಹಚ್ಚಿಕೊ’ ಇಲ್ಲ.

ನೀಲಗಿರಿಯ ಬೊಡ್ಡೆ ಕಡಿದಷ್ಟೂ ಚಿಗುರುತ್ತದೆ, ನಿಜ. ಸಮತಟ್ಟಾದ ಹೊಲದಲ್ಲಿ ರೈತನೊಬ್ಬ ಅದನ್ನು ತೆಗೆಸಿ ಗೋವಿನಜೋಳ ಬಿತ್ತುವುದಾದರೆ ನಮ್ಮ ತಕರಾರಿಲ್ಲ. ಗುಡ್ಡದ ಇಳಿಜಾರಿನ ಮಾತು ಬೇರೆ. ಅಲ್ಲಿ ಮಣ್ಣನ್ನು ಹಿಡಿದಿರುವುದು ಆ ಬೇರುಗಳೇ. ಯಂತ್ರದಿಂದ ಎತ್ತಿದರೆ ಬೊಡ್ಡೆಗೊಂದು ಗುಂಡಿ ಬೀಳುತ್ತದೆ. ಸಡಿಲಾದ ಮೇಲ್ಮಣ್ಣು ಮುಂಗಾರಿನ ದೊಡ್ಡ ಮಳೆಗೆ ಕೆಳಗಿನ ಕೆರೆ ಸೇರುತ್ತದೆ. ನೆಲದಲ್ಲಿಯೇ ಕೊಳೆತು ವರ್ಷಗಟ್ಟಲೆ ಮಣ್ಣಿಗೆ ಸಾರ ಕೊಡಬೇಕಾದದ್ದು ಒಂದೇ ದಿನದಲ್ಲಿ ಹೊಗೆಯಾಗುತ್ತದೆ. ಬೇರಿಗಂಟಿದ ಮಣ್ಣು ಬೂದಿಯನ್ನು ಹೆಚ್ಚಿಸುವುದರಿಂದ ಇಂಧನವಾಗಿಯೂ ಇದು ಕೀಳು. ಸ್ಪ್ರೂಸ್ ಮರದ ಬೊಡ್ಡೆಗಳನ್ನು ಸುಟ್ಟ ಫಿನ್ಲೆಂಡಿನ ಮಾರ್ಗಸೂಚಿಗಳೂ ಒಂದಷ್ಟನ್ನು ನೆಲದಲ್ಲಿ ಬಿಡಲೇಬೇಕೆಂದು ಹೇಳಿದವು.

ಚಿಗುರನ್ನು ಬಿಡದೆ ಸವರುತ್ತ ಬಂದರೆ ಬೊಡ್ಡೆ ಕ್ರಮೇಣ ತಾನೇ ಸೊರಗುತ್ತದೆ. ಸವರಿದ್ದು ಊರಿನ ಒಲೆಗಾಗುತ್ತದೆ. ನಡುವೆ ಹೊಂಗೆ, ಮತ್ತಿ, ಹಲಸು ಏಳಬಹುದು. ಇದು ನಿಧಾನದ ಕೆಲಸ. ಗುತ್ತಿಗೆದಾರನಿಗೆ ಲಾಭವಿಲ್ಲದ ಕೆಲಸ.

ಇನ್ನೊಂದು ಅಪಾಯವೂ ಇದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಕಾಂಡದ ಜೊತೆ ಬೊಡ್ಡೆಗೂ ಬೆಲೆ ಬಂದರೆ ನೀಲಗಿರಿಯನ್ನೇ ಮತ್ತೆ ಹಚ್ಚುವ ಆಸೆ ಚಿಗುರದೆ ಇದ್ದೀತೆ?

ಯಂತ್ರ ಬರುವ ಮುನ್ನ ಗ್ರಾಮಸಭೆ ಲಿಖಿತವಾಗಿ ಕೇಳಲಿ: ಕಿತ್ತಲ್ಲಿ ಯಾವ ಗಿಡ, ಯಾರ ಖರ್ಚಿನಲ್ಲಿ, ಫಲ ಯಾರಿಗೆ? ವಿದ್ಯಾರ್ಥಿಗಳು ತಮ್ಮೂರ ಗುಡ್ಡದ ಬೊಡ್ಡೆಗಳನ್ನು ಎಣಿಸಿ, ಇಳಿಜಾರನ್ನು ಗುರುತಿಸಿಕೊಂಡು ಸಭೆಗೆ ಬರಲಿ.