ತೆರಿಗೆ ದಿಲ್ಲಿಗೆ, ದೂರು ಸಿಂಗಾಪುರಕ್ಕೆ!

"ಕ್ರಿಪ್ಟೋಗೆ ದುಡ್ಡು ಹಾಕಿ ಕಳ್ಕೊಂಡ್ರಾ? ದುರಾಸೆ ಪಟ್ಟರು, ಅನುಭವಿಸಲಿ ಬಿಡಿ."

ಅರಳಿಕಟ್ಟೆಯಲ್ಲೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಈ ಮಾತು ಸಲೀಸಾಗಿ ಬರುತ್ತದೆ. ನಾವು ಇದನ್ನು ಒಪ್ಪುವುದಿಲ್ಲ.

ನೀವು ಹತ್ತು ಮೂಟೆ ಅಡಿಕೆಯನ್ನು ಗೋದಾಮಿನಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. ದರ ಬಿದ್ದರೆ ನಷ್ಟ ನಿಮ್ಮದು. ಯಾರನ್ನೂ ದೂರುವ ಹಾಗಿಲ್ಲ. ಆದರೆ ರಾತ್ರೋರಾತ್ರಿ ಗೋದಾಮಿಗೆ ಕಳ್ಳರು ನುಗ್ಗಿದರೆ ಉತ್ತರ ಹೇಳಬೇಕಾದವರು ಯಾರು? ಬೀಗದ ಕೈ ಇಟ್ಟುಕೊಂಡವರು ತಾನೆ?

2024ರ ಜುಲೈ 18ರಂದು ಆದದ್ದು ಈ ಎರಡನೆಯದು. ಭಾರತದ ದೊಡ್ಡ ಕ್ರಿಪ್ಟೋ ಎಕ್ಸ್‌ಚೇಂಜ್‌ಗಳಲ್ಲಿ ಒಂದಾದ ವಜೀರ್‌ಎಕ್ಸ್‌ನ ಒಂದು ವಾಲೆಟ್‌ಗೆ ಕನ್ನ ಬಿತ್ತು. ಸುಮಾರು 23 ಕೋಟಿ ಡಾಲರ್, ಅಂದರೆ 1,900 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತದ ನಾಣ್ಯಗಳು ಹೋದವು. ಇದು ಉತ್ತರ ಕೊರಿಯಾದ ಹ್ಯಾಕರ್‌ಗಳ ಕೈವಾಡ ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಒಟ್ಟಾಗಿ ಹೇಳಿದವು. ಅವರನ್ನು ಹಿಡಿಯಲು ನಮ್ಮ ಠಾಣೆಯ ಜೀಪು ಅಲ್ಲಿಯವರೆಗೆ ಹೋಗುವುದಿಲ್ಲ, ಸರಿ. ಆದರೆ ಬೀಗದ ಕೈ ಇಟ್ಟುಕೊಂಡವರು ಇಲ್ಲೇ ಇದ್ದರಲ್ಲ?

ಇದ್ದರು, ಆದರೆ ಕಾಗದದಲ್ಲಿ ಇರಲಿಲ್ಲ. ಆ್ಯಪ್ ಇಂಡಿಯಾದ್ದು, ಗ್ರಾಹಕರು ಇಂಡಿಯಾದವರು, ಆಧಾರ್, ಪ್ಯಾನ್ ಕೊಟ್ಟದ್ದು ಇಲ್ಲಿ. ಮಾತೃ ಕಂಪನಿ ಜೆಟ್ಟೈ ಮಾತ್ರ ಸಿಂಗಾಪುರದ್ದು. ಅದು ಅಲ್ಲಿನ ಹೈಕೋರ್ಟಿಗೆ ಹೋಗಿ ಸಾಲಗಾರರು ಮೇಲೆ ಬೀಳದಂತೆ ರಕ್ಷಣೆ ಪಡೆಯಿತು. ತನ್ನ ನಾಣ್ಯ ತಾನು ಇಟ್ಟಿದ್ದ ಗ್ರಾಹಕ ಒಂದೇ ದಿನದಲ್ಲಿ 'ಕಂಪನಿಗೆ ಸಾಲ ಕೊಟ್ಟವನು' ಆಗಿಬಿಟ್ಟ!

ಆಮೇಲೆ ಕಂಪನಿಯೇ ಒಂದು ಹಂಚಿಕೆ ಯೋಜನೆ ಬರೆಯಿತು. ಗ್ರಾಹಕರು ಆನ್‌ಲೈನಿನಲ್ಲಿ ಮತ ಹಾಕಿದರು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಲಿಲ್ಲ. ತಿದ್ದಿ ಮತ್ತೆ ಮತ. ಅಕ್ಟೋಬರ್‌ನಲ್ಲಿ ಕೋರ್ಟ್ ಒಪ್ಪಿತು. ಮತ ಹಾಕಿದವರಲ್ಲಿ ಶೇ 95ಕ್ಕೂ ಹೆಚ್ಚು ಜನ ಹೂಂ ಅಂದರು ಎಂದು ಕಂಪನಿ ಬೀಗಿತು. ಆದರೆ 40 ಲಕ್ಷಕ್ಕೂ ಹೆಚ್ಚು ಗ್ರಾಹಕರಲ್ಲಿ ಮತ ಹಾಕಿದ್ದು ಸುಮಾರು ಒಂದೂವರೆ ಲಕ್ಷ ಜನ. ಉಳಿದವರಿಗೆ ಆ ಇಂಗ್ಲಿಷ್ ಕಾಗದಪತ್ರ ಅರ್ಥವಾಗಿತ್ತೇ ಎಂದು ಕೇಳಿದವರು ಯಾರು? ಮತ ಹಾಕದವರಿಗೂ ಯೋಜನೆ ಕಟ್ಟುತ್ತದೆ. ಸಿಕ್ಕಿದ್ದು ಒಂದಷ್ಟು ನಾಣ್ಯ. ಬಾಕಿಗೆ 'ರಿಕವರಿ ಟೋಕನ್', ಮುಂದೆ ಲಾಭ ಬಂದರೆ ಕೊಡುತ್ತೇವೆ ಎಂಬ ಚೀಟಿ. ಅಷ್ಟರಲ್ಲಿ 15 ತಿಂಗಳು ಕಳೆದಿತ್ತು.

ನಮ್ಮ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲವೇ? ಹೋದರು. 2025ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ಇದು ಸರ್ಕಾರ ನಿಯಮ ಮಾಡಬೇಕಾದ ವಿಷಯ ಎಂಬ ಉತ್ತರ ಸಿಕ್ಕಿತು.

ಸರ್ಕಾರ ಏನು ಮಾಡಿದೆ? ತೆರಿಗೆ ಹಾಕಿದೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ. ಅದೇ ಜುಲೈನಿಂದ ಮಾರಿದಾಗಲೆಲ್ಲ ಶೇ 1 ಟಿಡಿಎಸ್. ಒಂದು ನಾಣ್ಯದಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ತೆರಿಗೆ ಕೇಳುವಾಗ ಇದು 'ಆಸ್ತಿ', ಕಳುವಾದಾಗ 'ನಿಮ್ಮ ರಿಸ್ಕ್'. ಇದೆಂಥ ನ್ಯಾಯ?

ಬ್ಯಾಂಕಿನ ಕಥೆ ನೋಡಿ. 2020ರಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮುಗ್ಗರಿಸಿತು. ಠೇವಣಿದಾರರು ಬೀದಿಗೆ ಬಂದರು, ಅತ್ತರು, ಅಲೆದರು. ಆದರೂ 5 ಲಕ್ಷದವರೆಗೆ ಠೇವಣಿ ವಿಮೆ ಎಂಬ ಒಂದು ಆಸರೆ ಇತ್ತು. ಕ್ರಿಪ್ಟೋ ಗ್ರಾಹಕನಿಗೆ ಅದೂ ಇಲ್ಲ.

ಒಂದು ಕಡೆ ಮಾತ್ರ ಬೆಳಕು ಕಂಡಿದೆ. ಚೆನ್ನೈನ ಒಬ್ಬ ಮಹಿಳೆ 2024ರ ಜನವರಿಯಲ್ಲಿ 1,98,516 ರೂಪಾಯಿ ಕೊಟ್ಟು ಎಕ್ಸ್‌ಆರ್‌ಪಿ ನಾಣ್ಯ ಕೊಂಡಿದ್ದರು. ಕಳುವಾದದ್ದು ಬೇರೆ ಬಗೆಯ ನಾಣ್ಯಗಳು. ಆದರೂ ಇವರ ಖಾತೆಗೂ ಬೀಗ ಬಿತ್ತು, ನಷ್ಟವನ್ನು ಎಲ್ಲರೂ ಹಂಚಿಕೊಳ್ಳಿ ಎಂದರು. ಪಕ್ಕದವನ ಮೂಟೆ ಕದ್ದರೆ ನನ್ನ ಮೂಟೆ ಯಾಕೆ ಬಿಚ್ಚಬೇಕು ಎಂದು ಆಕೆ ಮದ್ರಾಸ್ ಹೈಕೋರ್ಟಿಗೆ ಹೋದರು. ಕ್ರಿಪ್ಟೋ ಎಂಬುದು ಆಸ್ತಿ, ಅದನ್ನು ಒಬ್ಬರ ಪರವಾಗಿ ಇನ್ನೊಬ್ಬರು ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂದು 2025ರ ಅಕ್ಟೋಬರ್‌ನಲ್ಲಿ ಕೋರ್ಟ್ ಹೇಳಿತು. 9.56 ಲಕ್ಷ ರೂಪಾಯಿಗೆ ಭದ್ರತೆ ಕೊಡುವಂತೆ ಆದೇಶವಾಯಿತು. ಇದು ಮಧ್ಯಂತರ ರಕ್ಷಣೆ ಅಷ್ಟೇ, ದುಡ್ಡು ಕೈಗೆ ಬಂದ ಹಾಗಲ್ಲ. ಆದರೂ ಸಿಂಗಾಪುರದ ಹೆಸರು ಹೇಳಿ ನಮ್ಮ ಕೋರ್ಟುಗಳ ಬಾಗಿಲು ಮುಚ್ಚಲಾಗದು ಎಂಬುದು ಸಾಬೀತಾಯಿತು.

ಆದರೆ ಹೈಕೋರ್ಟಿಗೆ ಹೋಗುವ ಶಕ್ತಿ ಎಷ್ಟು ಜನರಿಗಿದೆ? 20 ಸಾವಿರ ಕಳೆದುಕೊಂಡವನು ವಕೀಲರಿಗೆ ಎಲ್ಲಿಂದ ತರಬೇಕು?

ಹಾಗಾಗಿ ನಾವು ಕೇಳುವುದು ಮೂರೇ. ಗ್ರಾಹಕರ ನಾಣ್ಯವನ್ನು ಕಂಪನಿಯ ಲೆಕ್ಕದಿಂದ ಬೇರೆಯಾಗಿ ಇಡಬೇಕು ಎಂದು ಕಾನೂನಾಗಲಿ. ಇಲ್ಲಿನ ಗ್ರಾಹಕನ ತಕರಾರು ಇಲ್ಲಿನ ಜಿಲ್ಲೆಯಲ್ಲೇ ತೀರ್ಮಾನವಾಗಲಿ. ಖಾತೆ ತೆರೆಯುವಾಗ ಒತ್ತಿಸಿಕೊಳ್ಳುವ ಷರತ್ತುಗಳು ಕನ್ನಡದಲ್ಲಿರಲಿ. ನಮ್ಮ ಸಂಸದರನ್ನು ಇದನ್ನೇ ಕೇಳಿ.

ಈಗಾಗಲೇ ಸಿಕ್ಕಿಬಿದ್ದಿದ್ದೀರಾ? ಖಾತೆಯ ಬಾಕಿ, ಬ್ಯಾಂಕ್ ಸ್ಟೇಟ್‌ಮೆಂಟ್, ಇಮೇಲ್‌ಗಳನ್ನು ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ" ಎಂದು ಟೆಲಿಗ್ರಾಂನಲ್ಲಿ ಬರುವವರನ್ನು ನಂಬಬೇಡಿ. ಅದು ಎರಡನೇ ಕಳ್ಳತನ. ಅವರಿಗೆ ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ. ಇಲ್ಲಿ ಕೊಳ್ಳೆ ಹೋದ ಮೇಲೂ ಬಾಗಿಲು ಹಾಕಿಲ್ಲ. ಬಾಗಿಲಲ್ಲಿ ಕೂತು ಸುಂಕ ವಸೂಲಿ ಮಾತ್ರ ನಿಂತಿಲ್ಲ.